ಹಳದಿ ತೊಡದ ಮನೆ

ಕ್ವೀನ್ಸ್‌ಟೌನ್
ಮೇ 12, 1974

ಪ್ರೀತಿಯ ಹೆಸ್ಟರ್ ಅತ್ತೆಗೆ,

ನೀವು ಕಳಿಸಿದ ಕ್ವಿನ್ಸ್ ಹಣ್ಣಿನ ಜೆಲ್ಲಿ ತಲುಪಿತು. ಒಂದು ಸೀಸೆ ದಾರಿಯಲ್ಲೇ ಒಡೆದುಹೋಗಿತ್ತು. ರೋನಾ ಗಾಜಿನ ಚೂರು ಆರಿಸಿ ತೆಗೆದು ಆ ಜೆಲ್ಲಿಯನ್ನೂ ತಿನ್ನಲು ಹೊರಟಿದ್ದಳು, ನಾನೇ ತಡೆದೆ. ಬಸುರಿಯ ಬಯಕೆ ಎಂದರೆ ಏನು ಅಂತ ಈಗ ನೋಡುತ್ತಿದ್ದೇನೆ. ಹೆರಿಗೆ ಸೆಪ್ಟೆಂಬರಿಗೆ ಅಂತ ಡಾಕ್ಟರು ಹೇಳಿದ್ದಾರೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಹೋದ ಭಾನುವಾರ ರೋನಾಳ ತಾಯಿ ಒಂದು ಗಂಟು ಹಿಡಿದುಕೊಂಡು ಬಂದರು. ಮಗುವಿಗೆ ಅಂತ ಸ್ವೆಟರು, ಟೋಪಿ, ಕಾಲುಚೀಲ ಎಲ್ಲ ಹೆಣೆದಿದ್ದರು. ಎಲ್ಲವೂ ಹಳದಿ. "ಗಂಡೋ ಹೆಣ್ಣೋ ಗೊತ್ತಿಲ್ವಲ್ಲ, ಹಳದಿ ಆದ್ರೆ ಯಾರಿಗಾದ್ರೂ ಆಗುತ್ತೆ" ಅಂತ ಖುಷಿಯಿಂದ ಮೇಜಿನ ಮೇಲೆ ಹರಡಿದರು. ಅತ್ತೆ, ನನಗೆ ಏನಾಯಿತೋ ಗೊತ್ತಿಲ್ಲ. ಎಲ್ಲವನ್ನೂ ಬಾಚಿಕೊಂಡು ಹೋಗಿ ಹಿಂಬಾಗಿಲ ಮೆಟ್ಟಿಲ ಮೇಲೆ ಮಳೆಗೆ ಹಾಕಿದೆ. "ಈ ಬಣ್ಣ ನನ್ನ ಮನೆಯೊಳಗೆ ಬೇಡ" ಅಂದೆ. ಬಾಯಿ ನನ್ನದು, ದನಿ ಅಪ್ಪನದು. ಆ ಹೆಂಗಸು ಒದ್ದೆಯಾದ ಬಟ್ಟೆಗಳನ್ನೆಲ್ಲ ಆರಿಸಿಕೊಂಡು ಹೊರಟುಹೋದರು.

ಮೂರನೆಯ ದಿನ ರೋನಾ ಕೇಳಿದಳು: "ಅದೊಂದು ಬಣ್ಣ ಕಣೋ. ನಿನಗೇನು ಮಾಡಿತ್ತು ಅದು?"

ಹನ್ನೊಂದು ವರ್ಷದ ಹಿಂದೆ ನಾನು ಮನೆ ಬಿಟ್ಟದ್ದು ಇದೇ ಬಣ್ಣದ ಜಗಳಕ್ಕೆ ಎಂದು ನಿಮಗೆ ಗೊತ್ತು. ಪಕ್ಕದೂರಿನ ಫುಟ್‌ಬಾಲ್ ತಂಡ ಕರೆದು ಜಾಗ ಕೊಟ್ಟಿತ್ತು. ಹಳದಿ-ಕಪ್ಪು ಪಟ್ಟೆಯ ಅಂಗಿ. ಅಪ್ಪ ಅದನ್ನು ಮೈಮೇಲಿಂದ ಎಳೆದು ಒಲೆಗೆ ಹಾಕಿದರು. ನಾನು ಬೈದು ಹೊರಟು ಬಂದೆ. ಆದರೆ ಯಾರಿಗೂ ಹೇಳದ ಒಂದು ಮಾತಿದೆ. ಇಲ್ಲಿಗೆ ಬಂದ ಮೇಲೆ ನಾನು ಒಂದು ದಿನವೂ ಹಳದಿ ತೊಟ್ಟಿಲ್ಲ. ಗಣಿಯವರು ಕೊಡುವ ಮಳೆಯಂಗಿ ಹಳದಿಯದು ಅಂತ ನನ್ನ ದುಡ್ಡಿನಲ್ಲಿ ಕಪ್ಪು ಅಂಗಿ ಕೊಂಡಿದ್ದೇನೆ. ಜೊತೆಯವರು ನಗುತ್ತಾರೆ.

ಇದನ್ನು ನನ್ನ ಮಗುವಿಗೆ ದಾಟಿಸಲು ನನಗೆ ಇಷ್ಟವಿಲ್ಲ. ಕಾರಣ ಗೊತ್ತಾಗದೆ ಇದು ನನ್ನನ್ನು ಬಿಡುವಂತೆ ಕಾಣುವುದಿಲ್ಲ. ನಮ್ಮ ಮನೆಯಲ್ಲಿ ಹಳದಿ ಯಾಕೆ ಬೇಡ? ನಾನು ಕೇಳಿದೆ ಅಂತ ಅಪ್ಪನಿಗೆ ಹೇಳಬೇಡಿ.

ನಿಮ್ಮ,
ಲಿಂಡ್ಸೆ


ಓಟ್‌ಲ್ಯಾಂಡ್ಸ್
ಮೇ 26, 1974

ಮರಿ ಲಿಂಡ್ಸೆಗೆ,

ಮೊದಲು ಹೋಗಿ ರೋನಾಳ ತಾಯಿಯ ಹತ್ತಿರ ಕ್ಷಮೆ ಕೇಳು. ಬರಿಗೈಯಲ್ಲಿ ಹೋಗಬೇಡ. ಹೆಣಿಗೆಯ ಬೆಲೆ ಹೆಣೆದವರಿಗೇ ಗೊತ್ತು. ನಲವತ್ತು ವರ್ಷ ಊರಿನವರ ಬಟ್ಟೆ ಹೊಲಿದವಳು ಹೇಳುತ್ತಿದ್ದೇನೆ.

ಇನ್ನು ನಿನ್ನ ಪ್ರಶ್ನೆ. ಯಾಕೆ ಅಂತ ನನಗೂ ಗೊತ್ತಿಲ್ಲ! ಅರವತ್ತಾರು ವರ್ಷದ ಮುದುಕಿ, ಹುಟ್ಟಿದಾಗಿನಿಂದ ಪಾಲಿಸಿಕೊಂಡು ಬಂದಿದ್ದೇನೆ, ಒಮ್ಮೆಯೂ ಕೇಳಿಲ್ಲ. ಶಾಲೆಯಲ್ಲಿ ಬಹುಮಾನವಾಗಿ ಬಂದ ಹಳದಿ ರಿಬ್ಬನ್ನನ್ನು ನನ್ನಪ್ಪ ಬಾವಿಗೆ ಎಸೆದರು. ಪ್ರತಿ ಆಗಸ್ಟಿನಲ್ಲಿ ಬೇಲಿಯ ವಾಟಲ್ ಗಿಡ ಹಳದಿ ಹೂ ಬಿಡುವ ಮುಂಚೆ ಕೊಡಲಿ ಹೊರಗೆ ಬರುತ್ತದೆ. ಇಡೀ ದೇಶ ಆ ಹೂವನ್ನು ತಲೆ ಮೇಲೆ ಹೊತ್ತು ಮೆರೆಸುತ್ತದೆ, ನಾವು ಮಾತ್ರ ಕಡಿಯುತ್ತೇವೆ. ನನ್ನ ಅಂಗಡಿಯಲ್ಲಿ ಹಳದಿ ಬಟ್ಟೆ ಹೊಲಿಯುವುದಿಲ್ಲ ಅಂತ ಎಷ್ಟು ಮದುವೆಗಳ ಕೆಲಸ ಕೈತಪ್ಪಿದೆಯೋ. ಬೆಣ್ಣೆ ಮತ್ತು ಮೊಟ್ಟೆಗೆ ಮಾತ್ರ ವಿನಾಯಿತಿ, ಅದು ನಮ್ಮ ಮನೆಯವರ ಹೊಟ್ಟೆಬಾಕತನಕ್ಕೆ.

ನೀನು ಹೇಳಬೇಡ ಅಂದದ್ದನ್ನು ನಿನ್ನಪ್ಪನಿಗೆ ಹೇಳಿದೆ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಅಂತ ಗೊತ್ತಿದ್ದೂ ಬರೆದೆಯಲ್ಲ, ತಪ್ಪು ನಿನ್ನದೇ.

"ಲಿಂಡ್ಸೆಗೆ ಮಗು ಆಗುತ್ತಂತೆ ಕಣೋ ವಿಲ್ಫ್, ಸೆಪ್ಟೆಂಬರಿಗೆ."

"ಒಳ್ಳೇದು."

"ಹಳದಿ ಯಾಕೆ ಬೇಡ ಅಂತ ಕೇಳಿದಾನೆ."

"ಬೇಡ ಅಂದ್ರೆ ಬೇಡ. ಅದಕ್ಕೆ ಯಾಕೆ ಅಂತ ಬೇರೆ ಬೇಕಾ ಅಕ್ಕ? ಕುರಿ ಆಚೆ ಇವೆ." ಟೋಪಿ ತಲೆಗೇರಿಸಿ ಹೊರಟ. ಕುರಿಗಳೆಲ್ಲ ಆಗಲೇ ದೊಡ್ಡಿಯೊಳಗೆ ಇದ್ದವು, ನಾನೇ ಕೂಡಿದ್ದೆ.

ನೋಡು, ಹಿಂದೆ ಇಂಗ್ಲೆಂಡಿನಿಂದ ಇಲ್ಲಿಗೆ ಗಡೀಪಾರಾಗಿ ಬಂದು ಸರಪಳಿ ಹಾಕಿಸಿಕೊಂಡು ರಸ್ತೆ ಕಡಿಯುತ್ತಿದ್ದ ಕೈದಿಗಳಿಗೆ ಹಳದಿ ತೊಡಿಸುತ್ತಿದ್ದರು ಅಂತ ಈ ದ್ವೀಪದಲ್ಲಿ ಯಾರಿಗೆ ಗೊತ್ತಿಲ್ಲ? ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಅಷ್ಟೆ. ಆದರೆ ನಾವು ಟ್ರೆಂಬತ್ ಮನೆಯವರು. ಅಜ್ಜ ಕಲ್ಲುಕುಟಿಗ, ತನ್ನ ಸ್ವಂತ ದುಡ್ಡಿನಲ್ಲಿ ಹಡಗು ಹತ್ತಿ ಬಂದವನು. ಗೋಡೆಯ ಮೇಲಿರುವ ಅವನ ಪಟದ ಮೀಸೆ ನೋಡು, ಕೈದಿಯ ಮೀಸೆಯೇ ಅದು? ಮುಂದಿನ ತಿಂಗಳು ಹೋಬಾರ್ಟಿಗೆ ಹೋಗಿ ಹಳೆಯ ದಾಖಲೆ ಇಟ್ಟಿರುವಲ್ಲಿ ಕೇಳಿ ಬರುತ್ತೇನೆ. ನಮ್ಮ ಮನೆತನ ಶುದ್ಧ ಅಂತ ಬರೆಸಿಕೊಂಡು ಬಂದರೆ ಈ ಹಳದಿಯ ಗೋಳು ತೀರುತ್ತದೆ.

ಪ್ರೀತಿಯ ಅತ್ತೆ,
ಹೆಸ್ಟರ್


ಓಟ್‌ಲ್ಯಾಂಡ್ಸ್
ಜೂನ್ 30, 1974

ಲಿಂಡ್ಸೆ,

ಹೋಗಿ ಬಂದು ವಾರವಾಯಿತು. ಬರೆಯಲೋ ಬೇಡವೋ ಅಂತ ಅಷ್ಟು ದಿನ ಒದ್ದಾಡಿದೆ.

ಟ್ರೆಂಬತ್ ಹೆಸರಿನಲ್ಲಿ ಒಬ್ಬ ಕೈದಿಯೂ ಇಲ್ಲ. ನಾನು ಗೆದ್ದವಳಂತೆ ಕೈಚೀಲ ಮುಚ್ಚಿ ಎದ್ದೆ. ಅಲ್ಲಿ ಕೆಲಸ ಮಾಡುವ ಹುಡುಗಿ, ಮುಖದ ತುಂಬ ಚುಕ್ಕೆ, ಬಾಯಲ್ಲಿ ಪೆಪ್ಪರ್‌ಮಿಂಟು, "ಅಜ್ಜಿ ಯಾರು ಮೇಡಂ?" ಅಂದಳು.

"ಅಜ್ಜಿ ಅಂದ್ರೆ ಅಜ್ಜಿ. ಟಬಿತಾ ಟ್ರೆಂಬತ್."

"ಅದು ಮದುವೆ ಆದ್ಮೇಲೆ. ಹುಟ್ಟಿದಾಗ ಏನೋ ಒಂದು ಹೆಸರಿತ್ತಲ್ಲ? ಇಲ್ಲಿಗೆ ಬರೋರೆಲ್ಲ ಅಜ್ಜಂದಿರನ್ನೇ ಹುಡುಕ್ತಾರೆ. ಅಜ್ಜಿಯರೇನು ಹಡಗಿಂದ ಇಳೀಲಿಲ್ವಾ?"

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಅಜ್ಜಿ ನನಗೆ ಹನ್ನೆರಡು ವರ್ಷವಾಗುವ ತನಕ ಬದುಕಿದ್ದರು. ಅವರು ಹೋಬಾರ್ಟಿನ ಹತ್ತಿರದ ನ್ಯೂಟೌನಿನ ಅನಾಥ ಶಾಲೆಯಲ್ಲಿ ಬೆಳೆದವರು ಅಂತ ಮಾತ್ರ ಗೊತ್ತಿತ್ತು. ಅನಾಥೆ ಎಂದ ಮೇಲೆ ಹಿಂದೆ ಯಾರೂ ಇಲ್ಲ ಅಂತ ನಾವು ಅಲ್ಲಿಗೇ ಬಿಟ್ಟಿದ್ದೆವು. ಹಿಂದೆ ಒಬ್ಬನಿದ್ದ. ಅಜ್ಜಿಯ ಅಪ್ಪ, ಹೆಸರು ಆಮೋಸ್ ಹೆಲಿಯರ್. ಇಂಗ್ಲೆಂಡಿನ ಸಾಮರ್ಸೆಟ್ ಕಡೆಯ ಹೈನುಗಾರ. ಯಜಮಾನನ ಮನೆಯಿಂದ ಎರಡು ಚೀಸ್ ಗಟ್ಟಿ ಕದ್ದ, ಏಳು ವರ್ಷ ಗಡೀಪಾರಾಗಿ ಇಲ್ಲಿಗೆ ಬಂದ. ನಮ್ಮದೇ ಊರಿನ ಹತ್ತಿರ ಕುರಿ ಕಾಯಲು ಕಳಿಸಿದರು. ಅವನ ಹಾಗೆಯೇ ಕೈದಿಯಾಗಿ ಬಂದಿದ್ದ ಸೂಸನ್ ಎಂಬುವಳನ್ನು ಅನುಮತಿ ಪಡೆದು ಮದುವೆಯಾದ. ಟಬಿತಾ ಹುಟ್ಟಿದಳು. ಮಗುವಿಗೆ ಮೂರು ವರ್ಷವಾದಾಗ ಸೂಸನ್ ಜ್ವರದಲ್ಲಿ ತೀರಿಕೊಂಡಳು. ಮಗುವನ್ನು ಸರಕಾರದವರು ಅನಾಥ ಶಾಲೆಗೆ ಸೇರಿಸಿದರು.

ಇಲ್ಲಿಯವರೆಗೆ ಓದಿದಾಗ ನನಗೆ ಅವನ ಮೇಲೆ ಮರುಕವೇ ಬಂದಿತ್ತು. ಚೀಸ್ ಕದ್ದದ್ದು ಹಸಿವಿಗೆ ಅನ್ನಬಹುದು. ಆದರೆ ಮುಂದೆ? ಕೆಲಸ ಬಿಟ್ಟು ಓಡಿಹೋದ, ಸಿಕ್ಕಿಬಿದ್ದ, ಬೆನ್ನಿಗೆ ಚಾಟಿ. ಮತ್ತೆ ಓಡಿದ, ಮತ್ತೆ ಚಾಟಿ, ಸರಪಳಿ, ಹಳದಿ ಬಟ್ಟೆ. ಮತ್ತೂ ಓಡಿದ. ಹೆಂಡತಿ ಸತ್ತಳು ಅಂತ ಎಳೆಮಗುವನ್ನು ಅನಾಥ ಮಾಡಿ ತನ್ನ ಚರ್ಮ ಉಳಿಸಿಕೊಳ್ಳಲು ಓಡಿದ ಗಂಡಸು ಲಿಂಡ್ಸೆ! ನಮ್ಮ ಅಜ್ಜಿಯ ಅಪ್ಪ. ಬಂದರಿನ ಹತ್ತಿರ ಸ್ಕಾಲಪ್ ಚಿಪ್ಪುಮೀನಿನ ಪೈ ಕೊಂಡು ಕೂತೆ, ಕಡೆಗೆ ಪೂರ್ತಿ ಕಡಲಹಕ್ಕಿಗಳಿಗೆ ಹಾಕಿದೆ.

ಅಂತೂ ಹಳದಿಯ ಕಾರಣ ಸಿಕ್ಕಿತು. ನಾಚಿಕೆ, ಬೇರೇನಲ್ಲ. ವಿಲ್ಫ್‌ಗೆ ಇದನ್ನು ಹೇಳಿಲ್ಲ. ಈ ಸಲ ನಿಜವಾಗಿಯೂ ಹೇಳಿಲ್ಲ.

ಹೆಸ್ಟರ್


ಕ್ವೀನ್ಸ್‌ಟೌನ್
ಜುಲೈ 14, 1974

ಪ್ರೀತಿಯ ಅತ್ತೆ,

ನಿಮ್ಮ ಕಾಗದ ಓದಿ ಎರಡು ದಿನ ನಾನೂ ಅವನನ್ನು ಬೈದುಕೊಂಡೇ ಗಣಿಗಿಳಿದೆ. ರೋನಾಳಿಗೆ ತೋರಿಸಲು ನಾಚಿಕೆಯಾಗಿ ಕಾಗದವನ್ನು ಬೂಟಿನಲ್ಲಿ ಅಡಗಿಸಿಟ್ಟೆ. ಅವಳು ಬೂಟು ಒರೆಸಲು ಹೋಗಿ ಓದಿದಳು.

ಓದಿ ನಕ್ಕಳು. ಅವಳ ತಾಯಿಯ ಕಡೆಯ ಮುತ್ತಜ್ಜನೂ ಐರ್ಲೆಂಡಿನಿಂದ ಕೈದಿಯಾಗಿ ಬಂದವನಂತೆ, ಕುದುರೆಗಳ್ಳ. ಕ್ರಿಸ್‌ಮಸ್ಸಿನ ಊಟದಲ್ಲಿ ಅವನ ಹೆಸರು ಹೇಳಿ ಒಂದೊಂದು ಗುಟುಕು ಹಾಕುತ್ತಾರಂತೆ. "ನಿಮ್ಮವನು ಬರೀ ಚೀಸ್ ಕಳ್ಳ, ಅದಕ್ಕೆ ಇಷ್ಟು ಬಿಂಕ" ಅಂತ ಛೇಡಿಸಿದಳು. ಆಮೇಲೆ ಮತ್ತೊಮ್ಮೆ ಓದಿದಳು.

"ಲಿಂಡ್ಸೆ, ಓಡಿಹೋಗೋನು ಕಾಡಿಗೆ ಓಡ್ತಾನೆ. ಇಲ್ಲ ಅಂದ್ರೆ ಯಾವುದಾದ್ರೂ ಹಡಗಿಗೆ ಓಡ್ತಾನೆ. ಇವನು ಎಲ್ಲಿಗೆ ಓಡ್ದ?"

"ಎಲ್ಲಿಗೋ. ನಂಗೇನು ಗೊತ್ತು?"

"ಎಲ್ಲಿ ಸಿಕ್ಕಿಬಿದ್ದ ಅಂತ ನಿಮ್ಮತ್ತೆ ನೋಡಿದ್ರಾ? ಅಷ್ಟು ಸಲ ಸಿಕ್ಕಿಬೀಳೋಕೆ ಅವನೇನು ಅಷ್ಟು ದಡ್ಡನಾ?"

ಅತ್ತೆ, ಇನ್ನೊಂದು ಸಲ ಹೋಗಿ ನೋಡುತ್ತೀರಾ? ಬಸ್ಸಿನಲ್ಲಿ ಕೂತರೆ ನಿಮಗೆ ಸೊಂಟ ನೋವು ಬರುತ್ತದೆ ಅಂತ ಗೊತ್ತು. ಆದರೂ ಕೇಳುತ್ತಿದ್ದೇನೆ.

ನೀವು ಹೇಳಿದ ಹಾಗೆ ರೋನಾಳ ತಾಯಿಯ ಹತ್ತಿರ ಹೋಗಿ ಬಂದೆ. ಒಂದು ಮೂಟೆ ಸೌದೆ ಒಡೆಸಿಕೊಂಡು ಆಮೇಲೆ ಟೀ ಕೊಟ್ಟರು. ಹೊರಡುವಾಗ ಹಳದಿ ಗಂಟನ್ನು ಡಬ್ಬಿಯಲ್ಲಿ ಹಾಕಿ ಕೈಗಿಟ್ಟರು. "ತೊಡಿಸ್ಲೇಬೇಕು ಅಂತಿಲ್ಲ, ಮನೇಲಿರಲಿ" ಅಂದರು. ಡಬ್ಬಿ ಬೀರುವಿನ ಮೇಲಿದೆ. ಇನ್ನೂ ತೆರೆಯಲು ಆಗಿಲ್ಲ.

ನಿಮ್ಮ,
ಲಿಂಡ್ಸೆ


ಓಟ್‌ಲ್ಯಾಂಡ್ಸ್
ಆಗಸ್ಟ್ 25, 1974

ನನ್ನ ಮರಿ ಲಿಂಡ್ಸೆ,

ರೋನಾಳ ಎರಡೂ ಕೆನ್ನೆಗೆ ನನ್ನ ಹೆಸರಿನಲ್ಲಿ ಮುತ್ತು ಕೊಡು. ನನ್ನ ಬುದ್ಧಿಗೆ ಮಂಕು ಕವಿದಿತ್ತು.

ಚುಕ್ಕೆ ಮುಖದ ಹುಡುಗಿ ನನ್ನನ್ನು ಗುರುತು ಹಿಡಿದು ಕುರ್ಚಿಗೆ ದಿಂಬು ಹಾಕಿಕೊಟ್ಟಳು. ಕೂತು ನಿಧಾನವಾಗಿ ಓದಿದೆ. ಆಮೋಸ್ ಮೊದಲ ಸಲ ಸಿಕ್ಕಿದ್ದು ನ್ಯೂಟೌನಿನಲ್ಲಿ, ಅನಾಥ ಶಾಲೆಯ ಗೋಡೆಯ ಬುಡದಲ್ಲಿ. ಎರಡನೆಯ ಸಲ ಆ ಶಾಲೆಗೆ ಹೋಗುವ ರಸ್ತೆಯಲ್ಲಿ. ಆಮೇಲೆ ಹಳದಿ ಬಟ್ಟೆ ತೊಡಿಸಿದರು, ದೂರದಿಂದಲೇ ಎಲ್ಲರಿಗೂ ಕಾಣಲಿ ಅಂತ. ಆ ಹಳದಿಯಲ್ಲೇ ಮತ್ತೆ ಹೋದ. ಆಗ ಸಿಕ್ಕಿದ್ದು ಗೋಡೆಯ ಮೇಲೆ. ಕೇಳಿದೆಯಾ? ಗೋಡೆಯ ಮೇಲೆ ಕೂತಿದ್ದ, ಇಳಿ ಅಂದರೂ ಇಳಿಯಲಿಲ್ಲವಂತೆ.

ಇಲ್ಲಿಂದ ನ್ಯೂಟೌನಿಗೆ ಬಸ್ಸಿನಲ್ಲಿ ಹೋದರೇ ನನ್ನ ಸೊಂಟ ಬೀಳುತ್ತದೆ. ಅವನು ನಡೆದು ಹೋದ. ಸಿಪಾಯಿಗಳಿಂದ ದೂರಕ್ಕಲ್ಲ, ಸಿಪಾಯಿಗಳೇ ತುಂಬಿದ ಊರಿಗೆ. ಸಿಕ್ಕರೆ ಬೆನ್ನಿನ ಗತಿ ಏನಾಗುತ್ತದೆ ಅಂತ ಚೆನ್ನಾಗಿ ಗೊತ್ತಿದ್ದೂ ಹೋದ. ಓಡಿದ್ದಕ್ಕೆ ಶಿಕ್ಷೆ ಬೆಳೆದು ಏಳು ವರ್ಷ ಹತ್ತಾಯಿತು. ಕೊನೆಗೆ ಬಿಡುಗಡೆಯಾದ ವಾರವೇ ಶಾಲೆಯ ಬಾಗಿಲಿಗೆ ಹೋಗಿ ನಿಂತಿದ್ದಾನೆ. ಮಗುವನ್ನು ತಂದೆಯ ಕೈಗೆ ಒಪ್ಪಿಸಲಾಗಿದೆ ಅಂತ ಬರೆದಿದ್ದಾರೆ. ಇಂಥವನನ್ನು ನಾನು ಬೈದೆ! ಅಲ್ಲೇ ಕೂತು ಅತ್ತುಬಿಟ್ಟೆ. ಆ ಹುಡುಗಿ ಪೆಪ್ಪರ್‌ಮಿಂಟು ಕೊಟ್ಟಳು.

ಈಗ ನಿನ್ನಪ್ಪನ ವಿಷಯ. ಮನೆಗೆ ಬಂದವಳು ಊಟದ ಮೇಜಿನಲ್ಲಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ವಿಲ್ಫ್ ಕುರಿಮಾಂಸ ಕತ್ತರಿಸುತ್ತಲೇ ಇದ್ದ. ಗೋಡೆಯ ಮಾತು ಬಂದಾಗ ಚಾಕು ನಿಂತಿತು.

"ಗೋಡೆ ಮೇಲೆ ಅಂದ್ಯಾ ಅಕ್ಕ?"

"ಹೂಂ ಕಣೋ. ಹಳದಿ ಬಟ್ಟೇಲಿ."

"ಅಯ್ಯೋ, ಹಕ್ಕಿ!" ಅಂದ. ನನಗೆ ಗಾಬರಿಯಾಯಿತು, ತಲೆ ತಿರುಗಿತೇನೋ ಅಂದುಕೊಂಡೆ. "ಅಜ್ಜಿ ಬಟಾಣಿ ಬಿಡಿಸುವಾಗ ನಂಗೆ ಹೇಳ್ತಿದ್ರು. ಶಾಲೆ ಗೋಡೆ ಮೇಲೆ ದೊಡ್ಡದೊಂದು ಹಳದಿ ಹಕ್ಕಿ ಬಂದು ಕೂತು ಸಿಳ್ಳೆ ಹಾಕ್ತಂತೆ. ಹುಡುಗೀರೆಲ್ಲ ಓಡಿಹೋಗಿ ನೋಡಿದ್ರಂತೆ. ನಾನು ಕಥೆ ಅಂದ್ಕೊಂಡಿದ್ದೆ."

ನನಗೆ ಅಜ್ಜಿ ಈ ಕಥೆ ಹೇಳಿರಲಿಲ್ಲ. ಬಟಾಣಿ ಬಿಡಿಸಲು ನಾನು ಯಾವತ್ತೂ ಕೂರುತ್ತಿರಲಿಲ್ಲ, ಅದಕ್ಕೇ ಇರಬೇಕು.

ಆಮೇಲೆ ನಿನ್ನಪ್ಪ ಮಾತಾಡಿದ ಲಿಂಡ್ಸೆ. ನಿನ್ನಮ್ಮ ತೀರಿಕೊಂಡಾಗಲೂ ಅಷ್ಟು ಮಾತಾಡಿರಲಿಲ್ಲ. ಅವನು ಏಳು ವರ್ಷದವನಿದ್ದಾಗ ಯಾರೋ ಕೊಟ್ಟ ಹಳದಿ ಅಂಗಿ ತೊಟ್ಟು ಮನೆಗೆ ಬಂದನಂತೆ.

"ಅಜ್ಜಿ ಬೈತಾರೆ ಅಂದ್ಕೊಂಡೆ ಅಕ್ಕ. ಬೈಲಿಲ್ಲ. ನನ್ನನ್ನ ತಿರುಗಿಸಿ ನಿಲ್ಲಿಸಿ ಅಂಗಿ ಎತ್ತಿದ್ರು. ಬೆನ್ನು ಪೂರ್ತಿ ಕೈಯಾಡಿಸಿ ನೋಡಿದ್ರು. ಏನೂ ಇಲ್ಲ ಅಂತ ಗೊತ್ತಾದ್ಮೇಲೂ ನೋಡ್ತಾನೇ ಇದ್ರು. ಆಮೇಲೆ ನೆಲದ ಮೇಲೆ ಕೂತು ಅತ್ರು ನೋಡು, ಹಂಗೆ ಅತ್ತೋರನ್ನ ನಾನು ಮತ್ತೆ ಕಂಡಿಲ್ಲ. ಅಜ್ಜೀನ ಅಳಿಸ್ದೆ ಅಂತ ಅಪ್ಪ ನಂಗೆ ಬಾರಿಸಿದ್ರು. ಆ ಬಣ್ಣ ತೊಟ್ರೆ ಏನೋ ದೊಡ್ಡ ಕೇಡಾಗುತ್ತೆ ಅಂತ ಅವತ್ತೇ ಮನಸ್ಸಲ್ಲಿ ಕೂತ್ಬಿಡ್ತು."

ಆಮೋಸ್ ಬಿಡುಗಡೆಯಾದ ಮೇಲೆ ಅಪ್ಪ ಮಗಳು ಒಂದೇ ಗುಡಿಸಲಿನಲ್ಲಿ ಇದ್ದವರು. ಆ ಬೆನ್ನಿಗೆ ಬಿಸಿನೀರು ಹಾಕಿದವರು, ಎಣ್ಣೆ ಸವರಿದವರು ನಮ್ಮ ಅಜ್ಜಿಯೇ ಅಲ್ಲದೆ ಇನ್ಯಾರು? ತನ್ನನ್ನು ನೋಡಲು ಬಂದದ್ದಕ್ಕೆ ಬಿದ್ದ ಏಟು ಅಂತ ಅವರಿಗೆ ತಿಳಿದೇ ಇತ್ತು. ಅವರಿಗೆ ಆ ಬಣ್ಣ ನೋಡಲು ಆಗುತ್ತಿರಲಿಲ್ಲ, ಅದು ಸಂಕಟ. ಅದನ್ನು ನಾಚಿಕೆ ಮಾಡಿದವರು ನಾವು. ನನ್ನಪ್ಪ, ವಿಲ್ಫ್, ನಾನು, ಎಲ್ಲರೂ.

ಕೊನೆಗೆ ವಿಲ್ಫ್ ತಟ್ಟೆ ನೋಡುತ್ತ ಹೇಳಿದ: "ಅವತ್ತು ಲಿಂಡ್ಸೆ ಆ ಫುಟ್‌ಬಾಲ್ ಅಂಗಿ ಹಾಕ್ಕೊಂಡು ಬೆನ್ನು ತಿರುಗಿಸಿ ನಿಂತ. ನನ್ನ ಬೆನ್ನ ಮೇಲೆ ಅಜ್ಜಿ ಕೈ ಬಂದ ಹಂಗಾಯ್ತು. ಮಗನಿಗೆ ಏನೋ ಆಗ್ಬಿಡುತ್ತೆ ಅಂತ ಕಿತ್ತು ಒಲೆಗೆ ಹಾಕ್ದೆ. ಹೇಳೋಕೆ ಬರಲಿಲ್ಲ."

"ಈಗ ಹೇಳು. ಕಾಗದ ಬರಿ."

"ನಂಗೆ ಕಾಗದ ಬರೆಯೋಕೆ ಬರಲ್ಲ." ಟೋಪಿಯಿಲ್ಲದೆ ಎದ್ದು ಹೋದ.

ನಾನು ಒತ್ತಾಯ ಮಾಡಲಿಲ್ಲ. ಆದರೆ ಇವತ್ತು ಆಗಸ್ಟ್ ಇಪ್ಪತ್ತೈದು, ಬೇಲಿಯ ವಾಟಲ್ ಪೂರ್ತಿ ಹೂಬಿಟ್ಟು ನಿಂತಿದೆ. ಕೊಡಲಿ ಕೊಟ್ಟಿಗೆಯಲ್ಲೇ ಇದೆ.

ನಿನ್ನ ಅತ್ತೆ,
ಹೆಸ್ಟರ್


ಕ್ವೀನ್ಸ್‌ಟೌನ್
ಸೆಪ್ಟೆಂಬರ್ 22, 1974

ಪ್ರೀತಿಯ ಅತ್ತೆ,

ಹೆಣ್ಣು ಮಗು. ಮಂಗಳವಾರ ಬೆಳಗ್ಗೆ ಹುಟ್ಟಿತು. ರೋನಾ ಚೆನ್ನಾಗಿದ್ದಾಳೆ, ಹೆರಿಗೆಯಾದ ಅರ್ಧ ಗಂಟೆಗೆ ನಿಮ್ಮ ಜೆಲ್ಲಿ ಕೇಳಿದಳು.

ಆಸ್ಪತ್ರೆಯಿಂದ ಮನೆಗೆ ಕರೆತರುವ ದಿನ ಇಲ್ಲಿ ಮಾಮೂಲಿನಂತೆ ಮಳೆ, ಚಳಿ. ನಾನೇ ಬೀರುವಿನ ಮೇಲಿನ ಡಬ್ಬಿ ಇಳಿಸಿದೆ. ಟೋಪಿ ಹಾಕಿದೆ, ಕಾಲುಚೀಲ ಹಾಕಿದೆ. ಸ್ವೆಟರಿನ ಗುಂಡಿಗಳನ್ನೂ ಒಂದೊಂದಾಗಿ ನಾನೇ ಹಾಕಿದೆ. ಹಾಕಿಯಾದ ಮೇಲೆ ಅವಳನ್ನು ಭುಜಕ್ಕೆ ಒರಗಿಸಿಕೊಂಡು ಬೆನ್ನಿನ ಮೇಲೆ ಕೈಯಾಡಿಸಿದೆ. ಮುತ್ತಜ್ಜಿ ಯಾಕೆ ಹಾಗೆ ನೋಡಿದರು ಅಂತ ಆಗ ನನಗೆ ಅರ್ಥವಾಯಿತು. ಅಷ್ಟು ಚಿಕ್ಕ ಬೆನ್ನು ಅತ್ತೆ, ನನ್ನ ಅಂಗೈಯಲ್ಲಿ ಮುಚ್ಚಿಹೋಗುತ್ತದೆ. ರೋನಾಳ ತಾಯಿ ಬಾಗಿಲಲ್ಲಿ ನಿಂತು ನೋಡಿ, ಏನೂ ಆಗದವರಂತೆ ಟೀ ಕಾಸಲು ಹೋದರು.

ನಾನು ಈಗ ಆಮೋಸನ ಬಗ್ಗೆ ಗಣಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದೇನೆ. ಅವರಿಗೆ ಸಾಕಾಗಿದೆ. ಗಣಿಯ ಹಳದಿ ಮಳೆಯಂಗಿಯನ್ನೂ ಕೇಳಿ ಪಡೆದೆ, ಕಪ್ಪು ಅಂಗಿಗಿಂತ ಬೆಚ್ಚಗಿದೆ.

ಮಗುವಿಗೆ ಹೆಸರಿಟ್ಟಿಲ್ಲ. ಅಪ್ಪ ಬಂದರೆ ಇಡೋಣ ಅಂತ ರೋನಾ ಹೇಳುತ್ತಾಳೆ. ಬರುತ್ತಾರೆ ಅಂತ ನನಗೆ ನಂಬಿಕೆಯಿಲ್ಲ. ಬರಬೇಕು ಅಂತ ಆಸೆಯಿದೆ. ಈ ಸಲ ದಯವಿಟ್ಟು ನಾನು ಹೇಳಿದೆ ಅಂತಲೇ ಅಪ್ಪನಿಗೆ ಹೇಳಿ.

ನಿಮ್ಮ,
ಲಿಂಡ್ಸೆ


ಓಟ್‌ಲ್ಯಾಂಡ್ಸ್
ಅಕ್ಟೋಬರ್ 6, 1974

ಲಿಂಡ್ಸೆಗೆ,

ಅಕ್ಕ ಹೇಳಿದಳು. ನಿನ್ನ ಕಾಗದಗಳನ್ನೂ ಓದಲು ಕೊಟ್ಟಳು. ನನಗೆ ಬರೆಯಲು ಬರುವುದಿಲ್ಲ, ಆದ್ದರಿಂದ ವಿಷಯ ಮಾತ್ರ ಬರೆಯುತ್ತೇನೆ.

ಕುರಿಗಳನ್ನು ಪಕ್ಕದ ತೋಟದವರು ನೋಡಿಕೊಳ್ಳುತ್ತಾರೆ. ಶನಿವಾರದ ಬಸ್ಸಿಗೆ ಬರುತ್ತೇನೆ. ಆ ಮನುಷ್ಯ ಸರಪಳಿಯಲ್ಲಿದ್ದೂ ನಡೆದು ಹೋದ, ನನಗೆ ಬಸ್ಸಿತ್ತು. ಹನ್ನೊಂದು ವರ್ಷ ಅದು ನಮ್ಮ ಬಾಗಿಲ ಮುಂದೆಯೇ ಹೋಗುತ್ತಿತ್ತು.

ಅಕ್ಕ ಮೂರು ವಾರದಿಂದ ಏನೋ ಹೆಣೆಯುತ್ತಿದ್ದಳು. ಮಗುವಿಗೆ ಅಂದುಕೊಂಡಿದ್ದೆ. ನಿನ್ನೆ ನನ್ನ ಭುಜಕ್ಕೆ ಹಿಡಿದು ಅಳತೆ ನೋಡಿದಳು. ಅಂಗಡಿಯಲ್ಲಿ ಆ ಬಣ್ಣದ ಉಣ್ಣೆ ಕೇಳಿದಾಗ ಅಂಗಡಿಯವಳು ನಿಜವಾ ಅಂತ ಎರಡು ಸಲ ಕೇಳಿದಳಂತೆ. ತೋಳು ಸ್ವಲ್ಪ ಉದ್ದವಾಗಿದೆ, ಮಡಚಿಕೊಳ್ಳುತ್ತೇನೆ.

ನೀನು ಹೋಗುವಾಗ ನನ್ನ ಕೂದಲು ಕಪ್ಪಿತ್ತು. ಈಗ ಕೂದಲೂ ಹೆಚ್ಚಿಲ್ಲ, ಸ್ವಲ್ಪ ಬಾಗಿದ್ದೇನೆ. ಬಸ್ಸು ನಿಲ್ಲುವಲ್ಲಿ ಗುರುತು ಸಿಗದೆ ಹೋದರೆ, ಹಳದಿ ಸ್ವೆಟರು ತೊಟ್ಟ ಮುದುಕ ಯಾರಿದ್ದಾನೆ ನೋಡು. ಅವನೇ ನಿನ್ನಪ್ಪ.

ವಿಲ್ಫ್ರೆಡ್ ಟ್ರೆಂಬತ್